ವರನ ಮನೆಗೆ ಹೋದ ಹಾಗಲಕಾಯಿ

ಮೊನ್ನೆ ಬಸವಕಲ್ಯಾಣದ ಹೊಸ ಸ್ಟುಡಿಯೋದಲ್ಲಿ ಬಣ್ಣದ ಫೋಟೊ ತೆಗೆಸಿದೆ ನೋಡಿ. ಮುಖ ಮಾಗಿದ ಟೊಮ್ಯಾಟೊ, ಹಲ್ಲು ನೀಲಿ. “ಕಲರ್ ಅಂದ್ರ ಹಿಂಗೇ ಇರ್ತದ್ರಿ ಟೀಚರ್” ಎಂದರು ಮಾಲಕರು. ಇರಬಹುದು. ನಾನು ಕಪ್ಪು-ಬಿಳುಪಿನ ಕಾಲದವಳು, ನನಗೇನು ಗೊತ್ತು?

ಆ ಕಾಲದ ನಮ್ಮ ಮನೆಯ ಮಹಾಕಲಾವಿದ ಶಿವರಾಜ ಕಾಕಾ, ಅಪ್ಪನ ತಮ್ಮ. ಹುಮನಾಬಾದಿನ ಬಜಾರಿನಲ್ಲಿ ಅವನ ಸ್ಟುಡಿಯೋ. ಒಮ್ಮೆ ಹೈದರಾಬಾದಿನಿಂದ ಇರುವೆಯನ್ನು ಎಮ್ಮೆ ಮಾಡಿ ತೋರಿಸುವ ಲೆನ್ಸೊಂದನ್ನು ತಂದ. ಅಂದೇ ಅವನಿಗೆ ಮನುಷ್ಯರು ಬೇಡವಾದರು. ಘಾಟಬೋರಾಳದ ರೈತರು ಸಂತೆಗೆ ತಂದ ಬದನೆ, ಬೆಂಡೆ, ಹೂಕೋಸುಗಳು ಒಳಗೆ ದೀಪದ ಮುಂದೆ ಕೂತಿರುತ್ತಿದ್ದವು. ಮದುಮಕ್ಕಳು ಹೊರಗೆ ಬೆವರುತ್ತ ನಿಂತಿರುತ್ತಿದ್ದರು.

“ಮಂದಿ, ಮೂಗು ಹಿಂಗ್ಯಾಕ ಬಂತು ಅಂತ ಜಗಳಾಡ್ತಾರ. ಬದನಿಕಾಯಿ ಒಮ್ಮ್ಯಾರ ತಕರಾರು ಮಾಡೇದೇನು?” ಎನ್ನುತ್ತಿದ್ದ. ತಕರಾರು ಕಾಕಿಯದು. ಕಲಾಸೇವೆ ಮುಗಿಸಿ ಅಡುಗೆಮನೆಗೆ ಬರುವಷ್ಟರಲ್ಲಿ ಕಾಯಿಪಲ್ಲೆಯೆಲ್ಲ ಬಾಡಿರುತ್ತಿತ್ತು.

ನನಗೆ ಹತ್ತೊಂಬತ್ತಾದಾಗ ಬಸವಕಲ್ಯಾಣದ ಜವಳಿ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂತು. ಹುಡುಗಿಯ ಫೋಟೊ ಬೇಕೆಂದರು. ಕಾಕಾ ತೆಗೆದ, ಚೆನ್ನಾಗಿಯೇ ತೆಗೆದ. ಆದರೆ ಅದೇ ದಿನ ಹೈದರಾಬಾದಿನ ಸ್ಪರ್ಧೆಗೆ ಹಾಗಲಕಾಯಿಯ ಸಿಪ್ಪೆಯ ಚಿತ್ರವನ್ನೂ ಲಕೋಟೆಗೆ ಹಾಕಿದ. ಕಲಾವಿದರು ವಿಳಾಸದಂಥ ಕ್ಷುಲ್ಲಕ ಸಂಗತಿಗೆ ತಲೆ ಕೆಡಿಸಿಕೊಳ್ಳುವುದುಂಟೇ?

ವಾರದೊಳಗೆ ವರನ ತಂದೆ ಬಸ್ಸು ಹತ್ತಿ ಬಂದರು. ಫೋಟೊ ಅಪ್ಪನ ಮುಂದಿಟ್ಟು, ದನಿ ತಗ್ಗಿಸಿ ಕೇಳಿದರು: “ಹುಡುಗಿಗಿ ಸಿಡುಬು ಎದ್ದಿತ್ತೇನ್ರಿ? ಮುಚ್ಚಿಡದೆ ತೋರ್ಸೀರಿ, ಅದು ದೊಡ್ಡ ಗುಣ. ಖರೆ ಮಾರಿ ಮ್ಯಾಲಿನ ಕಲೆ ಭಾಳ ಆಳ ಅವ.”

ಅಪ್ಪ ಫೋಟೊ ತಿರುಗಿಸಿ, ಹಿಂದೆ ಯಾರ ಹೆಸರಿದೆಯೆಂದು ಹುಡುಕಿದ. ಕಾಕಾ ಮಾತ್ರ ಬಗ್ಗಿ ನೋಡಿ, “ಆಳ ಹ್ಯಾಂಗ ಬಂದದ ನೋಡ್ರಿ!” ಎಂದು ಹಿಗ್ಗಿದ.

ಅವರು ಎದ್ದು ಹೋದರು. ನಾನು ಕೋಣೆಯಲ್ಲಿ ಕೂತು ಅತ್ತೆ, ಕನ್ನಡಿ ನೋಡಿಕೊಂಡು ಮತ್ತೆ ಅತ್ತೆ. ಅಷ್ಟರಲ್ಲಿ ಸ್ಪರ್ಧೆಗೆ ಹೋಗಿದ್ದ ನನ್ನ ಫೋಟೊ, ‘ತರಕಾರಿ ವಿಭಾಗಕ್ಕೆ ಅರ್ಹವಲ್ಲ’ ಎಂಬ ಚೀಟಿಯೊಂದಿಗೆ ಮರಳಿತು. ಹಾಗಲಕಾಯಿ ಬಸವಕಲ್ಯಾಣದಲ್ಲಿ ನಪಾಸು, ನಾನು ಹೈದರಾಬಾದಿನಲ್ಲಿ.

ಆಗ ಕಾಕಾನಿಗೆ ಎಚ್ಚರವಾಯಿತು. ಒಂದು ಕೈಯಲ್ಲಿ ನನ್ನ ಫೋಟೊ, ಇನ್ನೊಂದರಲ್ಲಿ ಹಾಗಲಕಾಯಿ ಹಿಡಿದು ಬಸವಕಲ್ಯಾಣಕ್ಕೆ ಓಡಿದ. ಅವರ ಅಂಗಡಿಯಲ್ಲಿ ಎಲ್ಲರೆದುರು ಎರಡನ್ನೂ ಜೋಡಿಸಿ ತೋರಿಸಿ, ಕೈಮುಗಿದು, ಒಪ್ಪಿಗೆ ಪಡೆದೇ ಬಂದ.

“ಲಗ್ನ ಪಕ್ಕಾ!” ಎಂದ, ಬೆವರು ಒರೆಸಿಕೊಳ್ಳುತ್ತ.

ಹುಡುಗಿಗೂ ಹಾಗಲಕಾಯಿಗೂ ಫರಕು ತಿಳಿಯಲು ಇಷ್ಟು ದಿನ ತಗೊಂಡವರು! ನಾನೆಂದೆ: “ಆ ಮನಿಗಿ ನಾ ಹೋಗಂಗಿಲ್ಲ ಕಾಕಾ. ನಾ ಟ್ರೇನಿಂಗಿಗೆ ಹೋಗ್ತೀನಿ.”

ಅಪ್ಪ ಆರು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಟೀಚರ್ ಟ್ರೇನಿಂಗಿಗೆ ಬೀದರಿನ ಬಸ್ಸು ಹತ್ತಿಸಿದವನು ಕಾಕಾ. ಹಾಗಲಕಾಯಿಯ ಸಿಟ್ಟಿಗೆ ನಾನು ಅವನತ್ತ ತಿರುಗಿಯೂ ನೋಡಲಿಲ್ಲ. ಮುಂದೆ ಸರ್ಕಾರ ನನ್ನನ್ನು ಬೇರೆಲ್ಲಿಗೂ ಅಲ್ಲ, ಇದೇ ಬಸವಕಲ್ಯಾಣಕ್ಕೇ ಹಾಕಿತು. ಸರ್ಕಾರಕ್ಕೂ ಹಾಸ್ಯಪ್ರಜ್ಞೆಯಿದೆ.

ಈ ಬಣ್ಣದ ಫೋಟೊ ತೋರಿಸಿ ನಗಿಸೋಣವೆಂದು ನಿನ್ನೆ ಹುಮನಾಬಾದಿಗೆ ಹೋಗಿದ್ದೆ. ಕಾಕಾನ ಕಣ್ಣಿಗೆ ಪೊರೆ ಬಂದಿದೆ. ಹಳೆಯ ಚಿತ್ರಗಳ ಡಬ್ಬಿ ನನ್ನ ಮುಂದೆ ಸರಿಸಿ, “ಏನೇನದ ಹೇಳು” ಎಂದ. ಹೇಳುತ್ತ ಹೋದೆ: ಬೆಂಡೆಯ ನೂಗು, ಹೂಕೋಸಿನ ಕಾಡು, ಮೆಣಸಿನಕಾಯಿಯ ತೊಟ್ಟು. ಒಂದು ಮಾತ್ರ ಗುರುತು ಸಿಗಲಿಲ್ಲ. ಗಂಟುಗಂಟು, ಬಿಗಿದ ನರಗಳು.

“ಇದ್ಯಾವ ಕಾಯಿ ಕಾಕಾ? ಶುಂಠಿ ಏನು?”

ಅವನು ಚಿತ್ರದ ಮೇಲೆ ಬೆರಳಾಡಿಸಿ, ಮೂಲೆಯ ಮಡಿಕೆ ಮುಟ್ಟಿ ನೋಡಿದ.

“ನಿನ್ನ ಕೈ ಅದು ಯವ್ವಾ. ಬೀದರ ಬಸ್ಸಿನ ಕಿಡಕಿ ಸರಳ ಹಿಡಕೊಂಡಿದ್ದಿ. ಮಾರಿ ಆಕಡಿ ತಿರುಗ್ಸಿದ್ದಿ, ಅದಕ್ಕ ಕೈಯಷ್ಟೇ ಸಿಕ್ತು.”