ತಿರುಗಬಾರದ ಕಮಲ

ಕಾರ್ತಿಕದ ದೀಪೋತ್ಸವಕ್ಕೆ ಆನೆಗುಂದಿಯ ಹೊಳೆಯಲ್ಲಿ ಬೆಳಕಿನ ಕಮಲವೊಂದನ್ನು ತೇಲಿಸುವ ಕೆಲಸ ಸರ್ಕಾರಿ ಓವರ್ಸಿಯರನಾದ ನನ್ನ ಪಾಲಿಗೆ ಬಂತು. ಬುಟ್ಟಿಯಂತೆ ದುಂಡಗಿನ ಹೊಸ ಹರಗೋಲಿನಲ್ಲಿ ಬಿದಿರಿನ ದಳಗಳನ್ನು ನಿಲ್ಲಿಸಿ, ಆರು ಗ್ಯಾಸ್‌ಬತ್ತಿ ತೂಗಿಹಾಕಿಸಿದೆ. ಕಮಲದ ಮುಖ ಜಿಲ್ಲೆಯ ದೊರೆ ತಾಲೂಕದಾರ ಸಾಹೇಬರು ಕೂರುವ ದಂಡೆಯ ಚಪ್ಪರದ ಕಡೆಗೇ ಇರಬೇಕಲ್ಲ? ಎರಡು ಹಗ್ಗ ಹಾಕಿ ಎರಡು ಬಂಡೆಗಳಿಗೆ ಬಿಗಿಯಲು ಹೇಳಿದೆ.

“ಹರಗೋಲು ತಿರುಗಬೇಕ್ರಿ ಸಾಹೇಬ್ರ. ಹಿಡದು ನಿಲ್ಲಿಸಿದ್ರ ನೀರು ಒಳಗ ಬರ್ತಾವ,” ಎಂದ ಅಂಬಿಗರ ಹನುಮಪ್ಪ.

“ನಾನು ಬರೆದ ನಕ್ಷೆಯಲ್ಲಿದ್ದಂತೆ ಕಟ್ಟು,” ಎಂದೆ.

ಕಟ್ಟಿದ. ಆಮೇಲೆ, “ಬರ್ರಿ, ಕೂಡ್ರಿ. ಹೊಸಾ ಹರಗೋಲಿನ್ಯಾಗ ಮಾಡಿಸಿದವರು ಮೊದಲ ಕೂಡಬೇಕು. ನಮ್ಮ ಪದ್ಧತಿ ಐತಿ,” ಎಂದ.

ನ್ಯಾಯವಾದ ಪದ್ಧತಿ. ನನಗೆ ಈಜು ಬಾರದು, ಆದರೂ ಕೂತೆ.

ಹನುಮಪ್ಪ ಹುಟ್ಟು ಹಾಕಿದ; ಎರಡೂ ಹಗ್ಗ ಬಿಗಿಯಾದದ್ದೇ ನಡುಹೊಳೆಯ ಸೆಳವಿಗೆ ಹರಗೋಲು ವಾಲಿತು. ನೀರು ಅಂಚು ದಾಟಿ ನನ್ನ ಬೂಟಿನೊಳಗೆ ಇಳಿಯಿತು. ಹನುಮಪ್ಪ ಕುಡಗೋಲನ್ನು ಒಂದು ಹಗ್ಗದ ಮೇಲಿಟ್ಟು ನನ್ನ ಮುಖ ನೋಡಿದ.

“ನಿಮ್ಮ ಹುಕುಂ ಆಗಬೇಕಲ್ರಿ.”

“ಕೊಯ್ಯಿ!”

ಹಗ್ಗ ಹರಿದದ್ದೇ ಹರಗೋಲು ನೆಟ್ಟಗಾಯಿತು; ಉಳಿದ ಹಗ್ಗದ ಆಸರೆಯಲ್ಲಿ ಮೆಲ್ಲಗೆ ಅತ್ತಿತ್ತ ತಿರುಗತೊಡಗಿತು. ಆ ಸಂಜೆ ಕಮಲ ಎರಡೂ ದಂಡೆಯ ಜನಕ್ಕೆ ಮುಖ ತೋರಿಸಿತು.

ವರದಿಯಲ್ಲಿ, ನಕ್ಷೆ ತಪ್ಪಿತ್ತು, ತಿದ್ದಿದವನು ಹನುಮಪ್ಪ ಎಂದು ಬರೆದೆ. ‘ಕೊಯ್ಯಿ’ ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂಬುದನ್ನು ಬರೆಯಲಿಲ್ಲ. ಅದಕ್ಕೆ ಕಾಲಮು ಇರಲಿಲ್ಲ.