ನೆನೆಸಿ ಕಟ್ಟಿದ ರೆಕ್ಕೆ

ಐನೂರು ವರ್ಷಗಳ ಹಿಂದೆ ಇಟಲಿಯ ಚಿತ್ರಕಾರನೊಬ್ಬ ಹಾರುವ ಯಂತ್ರದ ಚಿತ್ರ ಬರೆದಿಟ್ಟಿದ್ದ. ಮನುಷ್ಯ ಹಲಗೆಯ ಮೇಲೆ ಬೋರಲು ಮಲಗಿ, ಕಾಲಿನಿಂದ ತುಳಿದು ರೆಕ್ಕೆ ಬಡಿಯಬೇಕು. ಕೆರೆಯ ಮೇಲೆ ಪರೀಕ್ಷಿಸಬೇಕು, ಬಿದ್ದರೆ ಮುಳುಗದಂತೆ ಸೊಂಟಕ್ಕೆ ಚರ್ಮದ ಚೀಲ ಕಟ್ಟಿಕೊಳ್ಳಬೇಕು ಎಂದೂ ಬರೆದಿದ್ದನಂತೆ. ಗಲ್ಫಿನಲ್ಲಿ ನಾವು ಕೆಲಸಕ್ಕಿದ್ದ ಊರಿನ ವೆಸ್ಟ್ ಬೇಯ ಹೋಟೆಲೊಂದು ಅಂಥದೇ ಯಂತ್ರವನ್ನು ಲಾಬಿಯಲ್ಲಿ ತೂಗುಹಾಕಲು ನಮ್ಮ ಕಂಪನಿಗೆ ಹೇಳಿತು. ಅಲ್ಲಿ ಕೆಳಗಿದ್ದದ್ದು ಅಮೃತಶಿಲೆಯ ನೆಲ.

ಮೊಳೆ ಕಾಣಬಾರದು, ಹಗ್ಗ ಕಾಣಬೇಕು ಎಂದಿದ್ದರು ಹೋಟೆಲಿನವರು. ಊರ ಹೊರಗಿನ ಮುಐದರಿನಲ್ಲಿ ನಾವು ಕೆಲಸದವರೆಲ್ಲ ಒಟ್ಟಿಗಿದ್ದ ವಿಲ್ಲಾದ ಅಂಗಳದಲ್ಲಿ ಕೆಲಸ ನಡೆಯಿತು. ಕಟ್ಟಿದವರು ನನ್ನ ರೂಮಿನವರೇ, ಮಲ್ಪೆಯಲ್ಲಿ ಮೀನಿನ ದೋಣಿಗೆ ಹೋಗುತ್ತಿದ್ದವರು, ನಾನು ಅಣ್ಣ ಎಂದು ಕರೆಯುತ್ತಿದ್ದೆ. ಸೆಣಬಿನ ಹಗ್ಗವನ್ನು ಬಕೆಟಿನಲ್ಲಿ ನೆನೆಸಿ ನೆನೆಸಿ ಬಿಗಿದರು.

"ನೆನೆಸೋದ್ಯಾಕೆ ಅಣ್ಣ?"

"ಒಣ ಹಗ್ಗ ಕಟ್ಟಿದ್ರೆ ಅಪ್ಪ ಕೈಗೆ ಬಡೀತಿದ್ರು ಮಾರಾಯ. ನೀರು ಕುಡಿದ ಹಗ್ಗ ಬಿಡೋದಿಲ್ಲ."

ದೋಣಿಯ ಹಗ್ಗ ಸದಾ ನೆಂದೇ ಇರುತ್ತದೆ. ಆಗಸ್ಟಿನ ಹಸಿ ಗಾಳಿಯಲ್ಲಿ ನಮ್ಮದೂ ನೆಂದೇ ಇತ್ತು. ಲಾಬಿಯ ಎಸಿಯಲ್ಲಿ ಒಂದು ವಾರ ತೂಗಿದ ಮೇಲೆ ಅದು ಒಣಗಿ, ಉಬ್ಬು ಇಳಿದು ಸಡಿಲಾಗಿದ್ದು ಕೆಳಗಿನಿಂದ ಯಾರಿಗೂ ಕಾಣಲಿಲ್ಲ.

ಉದ್ಘಾಟನೆಗೆ ಮುಂಚೆ ಹೋಟೆಲಿನ ಮ್ಯಾನೇಜರಿಗೆ ಫೋಟೋ ಬೇಕಾಯಿತು, ಹಲಗೆಯ ಮೇಲೆ ಮನುಷ್ಯನಿರಬೇಕು. ಅಣ್ಣ ಹಗುರ ಆಳು, ತಾವೇ ಹತ್ತಿದರು. ಸೇಫ್ಟಿ ಬೆಲ್ಟ್ ಫೋಟೋದಲ್ಲಿ ಕಾಣುತ್ತದೆಂದು ಮ್ಯಾನೇಜರ್ ಬಿಚ್ಚಿಸಿದರು. ಏಣಿಯನ್ನೂ ಸರಿಸಿದರು.

"ಫೋಟೋ ಊರಿಗೆ ಕಳಿಸು," ಅಣ್ಣ ಮೇಲಿನಿಂದ ಕೂಗಿದರು. "ಈ ಸಲ ಟಿಕೆಟ್ ಬೇಡ, ಹೀಗೇ ಬರ್ತೇನೆ ಅಂತ ಹೇಳು ನಿನ್ನ ಅತ್ತಿಗೆಗೆ."

"ಯಲ್ಲಾ, ಯಲ್ಲಾ," ಎಂದು ಅವಸರಿಸಿದರು ಮ್ಯಾನೇಜರ್.

ಮೊದಲು ಎಡಗಾಲಿನ ಕಡೆಯ ಕಟ್ಟು ಜಾರಿತು. ಸದ್ದಾಗಲಿಲ್ಲ. ಹಲಗೆ ವಾಲಿತು, ಒಂದು ಚಪ್ಪಲಿ ನೆಲಕ್ಕೆ ಬಿತ್ತು. ಆಮೇಲೆ ಅಣ್ಣ ಜಾರಿದರು, ಬಲಗೈಗೆ ಯಂತ್ರವನ್ನು ತೂಗಿಸಿದ್ದ ಸರಪಳಿ ಸಿಕ್ಕಿತು. ಮೂರಾಳೆತ್ತರದಲ್ಲಿ ಒಂದೇ ಕೈಯಲ್ಲಿ ನೇತಾಡುತ್ತಿದ್ದರು. ಏಣಿ ತರುವವರೆಗೂ ಹಾಗೇ ಹಿಡಿದುಕೊಂಡಿದ್ದರು. ನಾನು ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೆ, ಹಿಡಿಯಬಲ್ಲೆ ಎಂಬಂತೆ.

ಜೀವ ಉಳಿಯಿತು. ಬಲ ಭುಜ ಉಳಿಯಲಿಲ್ಲ. ಇನ್ನು ಭಾರ ಎತ್ತುವಂತಿಲ್ಲ, ಹಗ್ಗ ಎಳೆಯುವಂತಿಲ್ಲ ಎಂದರು ಡಾಕ್ಟರ್. ರೆಕ್ಕೆಗೆ ನಾವು ಒಳಗಿನಿಂದ ಉಕ್ಕಿನ ತಂತಿ ಕಟ್ಟಿದೆವು. ಜನ ಅದರ ಕೆಳಗೆ ಕಾಫಿ ಕುಡಿಯುತ್ತಾರೆ.

ರೂಮಿಗೆ ಬಂದ ಮೇಲೆ ಅಣ್ಣ ಕೇಳಿದ್ದು ಒಂದೇ. "ನೀರು ಹಾಕಿದ್ದೇ ತಪ್ಪಾಯ್ತಾ?"

"ಹೌದು ಅಣ್ಣ, ಎಸಿಗೆ ಒಣಗಿ ಹೋಯ್ತು," ಎಂದೆ.

"ಸಮುದ್ರ ಇಲ್ಲೇ ಹತ್ತಿರ ಉಂಟಲ್ಲ, ಹಗ್ಗ ಒಣಗಲಿಕ್ಕಿಲ್ಲ ಅಂದ್ಕೊಂಡೆ," ಎಂದರು.

ನನ್ನ ಬಸ್ಸು ಬರುವ ಹೊತ್ತಾಗಿತ್ತು. ಅವರ ಅಂಗಿಯ ಗುಂಡಿ ಹಾಕಿಕೊಟ್ಟು ಕೆಲಸಕ್ಕೆ ಹೊರಟೆ.