ಮೇಲಿನ ಬೀದಿಗೆ ಹೋದ ನೀರು

ಮೆಂಬರಮ್ಮನಿಗೆ ಅನುಮಾನ ಹುಟ್ಟುಗುಣವೇನಲ್ಲ, ವಾರ್ಡ್ ಗೆದ್ದ ಮೇಲೆ ಅಂಟಿಕೊಂಡದ್ದು. ಯಾರಾದರೂ ನಕ್ಕು ನಮಸ್ಕಾರ ಮಾಡಿದರೆ ಇವನಿಗೇನೋ ಬೇಕಾಗಿದೆ ಅನ್ನುವಳು. ಮಾಡದೆ ಹೋದರೆ ಎದುರು ನಿಂತು ಸೋತವನ ಕಡೆಯವನು ಅನ್ನುವಳು. ಅವಳನ್ನಾದರೂ ಏನು ದೂರುವುದು? ಬೆಳಗಾದರೆ ಬಾಗಿಲಲ್ಲಿ ಜನ. ಒಬ್ಬರ ಮನೆ ಮುಂದೆ ಮೋರಿ ಕಟ್ಟಿಕೊಂಡಿದೆ, ಇನ್ನೊಬ್ಬರ ಪಕ್ಕದ ಮನೆಯವನು ಮೆಟ್ಟಿಲನ್ನು ರಸ್ತೆಗೇ ಇಳಿಸಿದ್ದಾನೆ, ಮತ್ತೊಬ್ಬರ ಬೀದಿದೀಪ ಹಗಲೆಲ್ಲ ಉರಿದು ಸಂಜೆಗೆ ಸರಿಯಾಗಿ ಆರುತ್ತದೆ. ಎಲ್ಲರೂ ಅರ್ಧ ಹೇಳಿ ಅರ್ಧ ನುಂಗುವವರೇ.

ಆ ಬೇಸಿಗೆಯಲ್ಲಿ ಅವಳ ತಲೆ ತಿಂದದ್ದು ಕೆಳಗಿನ ಬೀದಿಯ ನೀರು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಒಂದೇ ಪೈಪು. ನೀರುಗಂಟಿ ಮೊದಲು ಮೇಲಕ್ಕೆ ಬಿಟ್ಟು, ಆಮೇಲೆ ವಾಲ್ವ್ ತಿರುಗಿಸಿ ಕೆಳಕ್ಕೆ ಬಿಡಬೇಕು. ಈಚೆಗೆ ಕೆಳಗಿನ ನಲ್ಲಿಯಲ್ಲಿ ನಾಲ್ಕು ಬಿಂದಿಗೆ ತುಂಬುವಷ್ಟರಲ್ಲಿ ನೀರು ದಾರದಂತೆ ಸಣ್ಣಗಾಗಿ ನಿಂತೇ ಹೋಗುತ್ತಿತ್ತು. ಓಟು ಹಾಕಿ ಗೆಲ್ಲಿಸಿದ್ದು ಅದೇ ಬೀದಿ.

ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಮೇಲಿನ ಬೀದಿಗೆ ಹೋದಳು. ರಸ್ತೆಯೆಲ್ಲ ಒದ್ದೆ. ಗಂಡನ ಗೆಳೆಯನೊಬ್ಬ ಅಲ್ಲಿ ಮಹಡಿ ಕಟ್ಟಿಸುತ್ತಿದ್ದ, ಹೊಸ ಗೋಡೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತ ಅವಳ ಕಣ್ಣು ನಿಲ್ಲಲಿಲ್ಲ. ಕಣ್ಣೆಲ್ಲ ಪಕ್ಕದ ಮನೆಯ ಮೇಲೆ. ಅದು ಸೋತವನ ಮನೆ. ಅವನು ಪೈಪು ಹಿಡಿದು ಹೂವಿನ ಕುಂಡಗಳಿಗೆ ನೀರುಣಿಸುತ್ತಿದ್ದ.

"ಏನಕ್ಕ, ಬೆಳಿಗ್ಗೆ ಬೆಳಿಗ್ಗೆ ವಾಕಿಂಗಾ?" ಅಂದ.

ಅವಳ ಮೈ ಉರಿದುಹೋಯಿತು. ಇವನೇ ನೀರುಗಂಟಿಯನ್ನು ಬುಟ್ಟಿಗೆ ಹಾಕಿಕೊಂಡಿದ್ದಾನೆ, ಕೆಳಗಿನ ಬೀದಿಯನ್ನು ನನ್ನ ಮೇಲೆ ಎತ್ತಿಕಟ್ಟುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನವಾಯಿತು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಪೇಪರಿನಿಂದ ತಲೆ ಎತ್ತದೆ, "ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ? ನಾನು ವಿಚಾರಿಸ್ತೀನಿ ಬಿಡು," ಅಂದ. ಅವಳಿಗೆ ಬರುವ ಫೋನಿನಲ್ಲಿ ಅರ್ಧವನ್ನು ಅವನೇ ಎತ್ತುತ್ತಿದ್ದ. ಇದನ್ನೂ ವಿಚಾರಿಸುತ್ತೇನೆ ಎನ್ನುತ್ತಲೇ ದಿನ ಕಳೆದ.

ಅವಳಿಗೆ ತಡೆಯಲಾಗಲಿಲ್ಲ. ನಲ್ಲಿಯ ಮುಂದೆ ಕೆಳಗಿನ ಬೀದಿಯೆಲ್ಲ ನಿಂತಿದ್ದಾಗ ನೀರುಗಂಟಿಯನ್ನು ಕರೆಸಿದಳು.

"ಬಡವರ ನೀರು ಕದ್ದು ಯಾರ ಮನೆ ತುಂಬಿಸ್ತಿದ್ದೀಯ? ನಾಳೆಯಿಂದ ಕೆಲಸಕ್ಕೆ ಬರಬೇಡ."

ಅವನು ಗುತ್ತಿಗೆಯ ಆಳು, ಮೆಂಬರು ಬೇಡ ಅಂದರೆ ಮುಗಿಯಿತು. ಮನೆಯಲ್ಲಿ ದುಡಿಯುವವನೂ ಅವನೊಬ್ಬನೇ. ಆದರೂ ಅಳಲಿಲ್ಲ, ಅಂಗಲಾಚಲಿಲ್ಲ. ನೆಲ ನೋಡುತ್ತಾ ತುಟಿಯಂಚಿನಲ್ಲಿ ನಕ್ಕ ಹಾಗೆ ಮಾಡಿ ಹೋದ. ಎಂಥ ಭಂಡ ಅಂದುಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಹಿತ್ತಿಲ ಬಾಗಿಲಿಗೆ ಬಂದ. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ: "ಎಷ್ಟು ದಿನ ಮನೇಲಿರ್ಲಿ ಅಮ್ಮ?"

"ಎಷ್ಟು ದಿನ ಅಂದ್ರೆ?"

"ಜನ ತಣ್ಣಗಾಗೋವರೆಗೆ ತಾನೆ? ಯಾವಾಗ ಬರ್ಲಿ ಅಂತ ಹೇಳಿದ್ರೆ ಸಾಕು."

"ಏನೋ ಮಾತಾಡ್ತಿದ್ದೀಯ ನೀನು?"

ಅವನು ಗಲಿಬಿಲಿಗೊಂಡ. "ಯಜಮಾನ್ರು ಹೇಳಿದ್ರಲ್ಲಮ್ಮ, ಅವರ ಗೆಳೆಯರ ಗೋಡೆಗೆ ನೀರು ಬೇಕು, ಮೇಲಕ್ಕೆ ಇನ್ನಷ್ಟು ಹೊತ್ತು ಬಿಡು, ಮೆಂಬರಮ್ಮನೇ ಹೇಳಿ ಕಳ್ಸಿದ್ದಾರೆ ಅಂತ. ನೀವು ಬೈದಾಗ ಜನಕ್ಕೋಸ್ಕರ ನಾಟಕ ಮಾಡ್ತಿದ್ದೀರಿ ಅಂದ್ಕೊಂಡೆ. ಅದಕ್ಕೇ ಬಾಯಿ ಬಿಡ್ಲಿಲ್ಲ."

ಊರನ್ನೆಲ್ಲ ಅನುಮಾನಿಸಿದವಳು ಒಂದೇ ಸೂರಿನಡಿ ಮಲಗುವವನನ್ನು ಬಿಟ್ಟಿದ್ದಳು. ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಸ್ನಾನ ಮುಗಿಸಿ ತಲೆ ಒರೆಸುತ್ತಾ ಬಂದ ಗಂಡ ಇಬ್ಬರನ್ನೂ ನೋಡಿ ಅರ್ಥಮಾಡಿಕೊಂಡ. "ನಾಲ್ಕು ದಿನದ ಮಾತು. ಇದನ್ನೇ ದೊಡ್ಡದು ಮಾಡ್ಬೇಡ. ಇವನಿಗೆ ಬೇರೆ ಕಡೆ ಏನಾದ್ರೂ ನೋಡೋಣ," ಅಂದ.

"ನನ್ನ ಹೆಸರಲ್ಲಿ ಹೇಳಿದ್ರಾ ಇಲ್ವಾ?"

"ನಿನ್ನ ಹೆಸರು ಬೇರೆ, ನನ್ನ ಹೆಸರು ಬೇರೇನಾ?"

ಅವಳು ಚಪ್ಪಲಿ ಮೆಟ್ಟಿದಳು. ನೀರುಗಂಟಿಯನ್ನು ಕರೆದುಕೊಂಡು ನೆಟ್ಟಗೆ ಕೆಳಗಿನ ಬೀದಿಗೆ ನಡೆದಳು. ನಲ್ಲಿಯ ಮುಂದೆ ಎಲ್ಲರೂ ಇದ್ದರು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವನದೇನೂ ತಪ್ಪಿಲ್ಲ. ತಪ್ಪು ನಮ್ಮ ಮನೇದು. ನಮ್ಮ ಯಜಮಾನ್ರು ನನ್ನ ಹೆಸರು ಹೇಳಿ ಮೇಲಕ್ಕೆ ನೀರು ಬಿಡಿಸಿದ್ದಾರೆ. ಇವತ್ತಿಂದ ಇವನೇ ಕೆಲಸ ಮಾಡ್ತಾನೆ."

ಯಾರೂ ಬೆರಗಾಗಲಿಲ್ಲ. ಮುಂದೆ ನಿಂತಿದ್ದ ಮುದುಕಿ ಬಿಂದಿಗೆಯನ್ನು ಸೊಂಟದಿಂದ ಇಳಿಸಿದಳು.

"ಅಷ್ಟು ನಮಗೂ ಗೊತ್ತಿತ್ತು ಬಿಡಮ್ಮ. ಗಂಡನ್ನ ಉಳಿಸ್ಕೊಳ್ಳೋಕೆ ಈ ಪಾಪದವನ ಹೊಟ್ಟೆ ಮೇಲೆ ಹೊಡೆದ್ಯಲ್ಲ ಅಂತ ಬೇಜಾರಾಗಿತ್ತು."

"ಇಲ್ಲ ಅಜ್ಜಿ, ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಮುದುಕಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು, ಹಿಂದೆ ನಿಂತವರನ್ನೂ ನೋಡಿದಳು.

"ಆಯ್ತಮ್ಮ, ಗೊತ್ತಿರ್ಲಿಲ್ಲ," ಎಂದು ಮಗುವನ್ನು ಸಮಾಧಾನ ಮಾಡುವವಳ ಹಾಗೆ ಹೇಳಿ, ನಲ್ಲಿಯ ಕಡೆ ತಿರುಗಿದಳು.